ವಿಕ್ಟೋರಿಯಾ ಕಾಲದ ಮಿಲ್ ಊರಿನ ಬ್ಯಾಂಡಿನವ್ನು, ಅವನ ಬದುಕು, ಅವನ ಕೊನೇ ಮೆರವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಇಂಗ್ಲೆಂಡಿನ ಬ್ರಾಸ್ ಬ್ಯಾಂಡ್‌ಗಳ ವಿಷ್ಯ ಎತ್ತಿದಾಗೆಲ್ಲ, ಮಾತಲ್ಲಾಗ್ಲಿ ಪತ್ರದಲ್ಲಾಗ್ಲಿ, ಜನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದ್ರಲ್ಲೂ ಸಾವಿನ ಮೆರವಣಿಗೆ ಬಗ್ಗೆ ಕೇಳ್ದೆ ಯಾರೂ ಬಿಟ್ಟಿಲ್ಲ. ಕೇಳಿದವ್ರ ಮಾತಲ್ಲೇ ಪ್ರಶ್ನೆ ಇಟ್ಟಿದೀನಿ. ಸುಲಭದ್ದು ಮೊದ್ಲು, ಆಳದ್ದು ಆಮೇಲೆ, ಯಾವುದನ್ನ ಬೇಕಾದ್ರೂ ಬಿಡಿಯಾಗಿ ಓದ್ಕೋಬಹುದು.

## ಮೊದಲು ಗೊತ್ತಿರಬೇಕಾದ್ದು

ಬ್ಯಾಂಡಿನವ್ರು ಅಂದ್ರೆ ಮಿಲಿಟರಿಯವ್ರಾ? ಇಲ್ಲಾ ದುಡ್ಡು ತಗೊಂಡು ಊದೋ ಪ್ರೊಫೆಷನಲ್ಸಾ?

ಎರಡೂ ಅಲ್ಲ. ನಾನಿಲ್ಲಿ ಹೇಳ್ತಿರೋರು ಹಗಲೆಲ್ಲ ಮಿಲ್‌ನಲ್ಲಿ ನೇಯ್ದು, ಗಣೀಲಿ ಕಲ್ಲಿದ್ದಲು ಅಗೆದು, ಕಬ್ಬಿಣದ ಕುಲುಮೇಲಿ ಬೆಂದು, ಸಾಯಂಕಾಲ ಕಾರ್ನೆಟ್ಟೋ ಯುಫೋನಿಯಮ್ಮೋ ಥರದ ಹಿತ್ತಾಳೆ ಊದುವಾದ್ಯ ಹಿಡೀತಿದ್ದ ಜನ. ಸಂಬಳ ಬರ್ತಿದ್ದದ್ದು ಮಗ್ಗದಿಂದ, ಬ್ಯಾಂಡಿಂದ ಅಲ್ಲ, ಬದಲಿಗೆ ವಾರಾವಾರ ಬ್ಯಾಂಡಿಗೆ ಅವ್ರೇ ಚಿಲ್ಲರೆ ಕಾಸು ಕಟ್ತಿದ್ರು. ಸ್ಪರ್ಧೆಗೆ ಹೋಗಿ ಒಂದಿನ ಕೆಲ್ಸ ತಪ್ಪಿದ್ರೆ ಆ ದಿನದ ಕೂಲಿ ಹೋಯ್ತು ಅಂತ ಬ್ಯಾಂಡಿನ ಫಂಡಿಂದ ಸ್ವಲ್ಪ ಕೊಡೋದಿತ್ತು, ಅದು ನಷ್ಟ ತುಂಬೋಕಷ್ಟೆ. ಊರಿನ ಹಬ್ಬ, ಚಾಪೆಲ್ (ಇಂಗ್ಲೆಂಡ್ ಚರ್ಚಿನ ಹೊರಗಿನ ಕ್ರೈಸ್ತ ಪಂಥಗಳ ಪ್ರಾರ್ಥನಾ ಮಂದಿರ) ಸಂಡೇ ಸ್ಕೂಲ್ ಮೆರವಣಿಗೆ, ಕ್ರಿಸ್ಮಸ್‌ನಲ್ಲಿ ಮನೆಮನೆ ಮುಂದೆ ಹಾಡು, ಯೂನಿಯನ್ ಸಭೆ, ಸಾವು, ಎಲ್ಲದಕ್ಕೂ ಇವರೇ.

ಯಾವ ಊರು, ಯಾವ ಕಾಲ ಅಂತ ಸರಿಯಾಗಿ ಹೇಳಿ

ವಿಕ್ಟೋರಿಯಾ ರಾಣಿ ಇದ್ದದ್ದು 1837ರಿಂದ 1901ರವರೆಗೆ. ಜಾಗ ಅಂದ್ರೆ ಮುಖ್ಯವಾಗಿ ಪೆನೈನ್ ಬೆಟ್ಟಸಾಲಿನ ಎರಡೂ ಕಡೆ, ಪೂರ್ವಕ್ಕೆ ಯಾರ್ಕ್‌ಷೈರಿನ ಉಣ್ಣೆ ಊರುಗಳು, ಪಶ್ಚಿಮಕ್ಕೆ ಲಂಕಾಷೈರಿನ ಹತ್ತಿ ಊರುಗಳು, ಜೊತೆಗೆ ಡರ್ಹಮ್ಮಿನ ಗಣಿ ಹಳ್ಳಿಗಳು, ವೇಲ್ಸ್ ದಕ್ಷಿಣದ ಕಬ್ಬಿಣದ ಊರುಗಳು. ಬ್ಯಾಂಡ್‌ಗಳ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. ಸ್ಟೇಲಿಬ್ರಿಜ್ ಓಲ್ಡ್ ಬ್ಯಾಂಡ್ ಶುರುವಾಗಿದ್ದು 1809ರಲ್ಲಿ. ಕ್ವೀನ್ಸ್‌ಬರಿ ಅನ್ನೋ ಬೆಟ್ಟದ ಮೇಲಿನ ಊರಲ್ಲಿ ಪೀಟರ್ ವಾರ್ಟನ್ ಅಂತ ಹೆಂಡದಂಗಡಿಯವ್ನು 1816ರಲ್ಲಿ ಕಟ್ಟಿದ ಬ್ಯಾಂಡಿನ ಮುಂದಿನ ಕೊಂಡಿಯೇ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್, ಮಿಲ್ ಮಾಲೀಕ ಜಾನ್ ಫಾಸ್ಟರ್ 1855ರಲ್ಲಿ ಅದನ್ನ ತನ್ನ ಮಿಲ್ಲಿನ ಬ್ಯಾಂಡಾಗಿ ಮಾಡ್ಕೊಂಡು ವಾದ್ಯ ಕೊಡಿಸ್ದ, ಮಿಲ್ಲಿನ ಬಟ್ಟೇಲೇ ಯೂನಿಫಾರ್ಮ್ ಹೊಲಿಸ್ದ. ಆ ಬ್ಯಾಂಡ್ ಇವತ್ತಿಗೂ ಇದೆ.

ಪಿಟೀಲು, ಕೊಳಲು ಎಲ್ಲ ಬಿಟ್ಟು ಹಿತ್ತಾಳೆ ವಾದ್ಯನೇ ಯಾಕೆ ಹಿಡಿದ್ರು?

ಮುಖ್ಯ ಕಾರಣ ವಾಲ್ವ್, ಅಂದ್ರೆ ಒತ್ತಿದ್ರೆ ಗಾಳಿ ಹೋಗೋ ಕೊಳವೆಯ ಉದ್ದ ಬದಲಾಯಿಸೋ ಗುಂಡಿ. 1810ರ ದಶಕದ ಕೊನೇಲಿ ಜರ್ಮನಿಯಲ್ಲಿ ಹುಟ್ಟಿದ ಈ ವಾಲ್ವ್‌ನಿಂದ ಮೂರೇ ಬೆರಳಲ್ಲಿ ಎಲ್ಲಾ ಸ್ವರ ಹಿಡಿಯೋ ಹಂಗಾಯ್ತು. ಮಗ್ಗ ಎಳೆದೂ ಎಳೆದೂ ದಡ್ಡುಗಟ್ಟಿದ ಕೈಗೆ ಪಿಟೀಲಿನ ತಂತಿ ಕಷ್ಟ, ಮೂರು ಪಿಸ್ಟನ್ ಒತ್ತೋದು ಆಗೋ ಮಾತು. ಆಮೇಲೆ 1844ರಲ್ಲಿ ಡಿಸ್ಟಿನ್ ಅನ್ನೋ ವಾದ್ಯಗಾರರ ಕುಟುಂಬದವ್ರು ಪ್ಯಾರಿಸ್‌ನಲ್ಲಿ ವಾದ್ಯ ತಯಾರಿಸೋ ಅಡಾಲ್ಫ್ ಸ್ಯಾಕ್ಸ್‌ನ ಭೇಟಿ ಮಾಡಿ ಅವನ ಸ್ಯಾಕ್ಸ್‌ಹಾರ್ನ್‌ಗಳನ್ನ ಬ್ರಿಟನ್ ತುಂಬ ಊದಿ ತೋರಿಸಿದ್ರು, ಸಣ್ಣದ್ರಿಂದ ದೊಡ್ಡದ್ರವರೆಗೆ ಒಂದೇ ಮನೆತನದ ವಾದ್ಯಗಳು, ಬೆರಳಿಡೋ ರೀತಿ ಎಲ್ಲದಕ್ಕೂ ಒಂದೇ. ಬೇಸ್ ಟ್ರಾಂಬೋನ್ ಒಂದನ್ನ ಬಿಟ್ಟು ಉಳಿದ ವಾದ್ಯಗಳಿಗೆಲ್ಲ ನೋಟೇಶನ್ನೂ ಒಂದೇ ಕ್ರಮದಲ್ಲಿ ಬರೀತಿದ್ರು. ಅಂದ್ರೆ ಹಾರ್ನ್ ಊದೋನು ಕಾಯಿಲೆ ಬಿದ್ದ, ಇಲ್ಲ ಸತ್ತ ಅನ್ನಿ, ಕಾರ್ನೆಟ್‌ನವ್ನು ಆ ಜಾಗಕ್ಕೆ ಬಂದು ಸ್ವಲ್ಪ ದಿನದಲ್ಲೇ ನಿಭಾಯಿಸ್ಬಹುದಿತ್ತು. ಬಯಲಲ್ಲಿ, ಮಳೇಲಿ, ನಡ್ಕೊಂಡು ಊದೋಕೂ ಹಿತ್ತಾಳೇನೇ ಗಟ್ಟಿ.

ಬಡವ್ರು ಅಂತೀರಾ, ಅಷ್ಟು ದುಬಾರಿ ವಾದ್ಯ ಹೆಂಗೆ ತಗೊಂಡ್ರು?

ಒಬ್ಬೊಬ್ರೇ ತಗೊಂಡಿದ್ದಲ್ಲ, ಊರು ತಗೊಂಡಿದ್ದು. ಕೆಲವು ಕಡೆ ಜಾನ್ ಫಾಸ್ಟರ್ ಥರ ಮಾಲೀಕ ಕೊಡಿಸ್ತಿದ್ದ. ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ ಕಬ್ಬಿಣದ ದೊರೆ ರಾಬರ್ಟ್ ಥಾಮ್ಸನ್ ಕ್ರಾಶೇ 1838ರಲ್ಲಿ ಕಟ್ಟಿದ ಕವಾರ್ಥ್‌ವ ಬ್ಯಾಂಡ್ ಅಂಥದ್ದೇ. ಆದ್ರೆ ಮಾಲೀಕ ಕೊಡಿಸಿದ್ರೆ ಅವನ ಮಾತಿಗೆ ತಲೆಬಾಗಬೇಕಿತ್ತು, ಹಂಗಾಗಿ ತುಂಬಾ ಊರಲ್ಲಿ ಜನಾನೇ ಚಂದಾ ಎತ್ತಿ, ಬಜಾರ್ ಅಂತ ಮಾರಾಟ ಮೇಳ ಇಟ್ಟು, ಚಹಾ ಪಾರ್ಟಿ ಮಾಡಿ, ಕ್ರಿಸ್ಮಸ್‌ನಲ್ಲಿ ಮನೆಮನೆ ಸುತ್ತಿ ಕಾಸು ಕೂಡಿಸಿ, ಉಳಿದಿದ್ದನ್ನ ವಾದ್ಯದ ಕಂಪನಿಗೆ ಕಂತಲ್ಲಿ ಕಟ್ಟಿ ತೀರಿಸ್ತಿದ್ರು. ಒಂದು ಬ್ಯಾಂಡ್ ಸೆಟ್ಟಿನ ಸಾಲ ತೀರೋಕೆ ವರ್ಷಗಟ್ಲೆ ಹಿಡೀತಿತ್ತು. ವಾದ್ಯ, ಯೂನಿಫಾರ್ಮ್ ಎರಡೂ ಬ್ಯಾಂಡಿನ ಆಸ್ತಿ, ಬಿಟ್ಟು ಹೋಗೋನು ವಾಪಸ್ ಕೊಟ್ಟು ಹೋಗ್ಬೇಕು. ಪ್ರಾಕ್ಟೀಸ್‌ಗೆ ತಡವಾಗಿ ಬಂದ್ರೆ ಫೈನ್, ಕುಡ್ದು ಬಂದ್ರೆ ಫೈನ್, ಎಲ್ಲಾ ರೂಲ್ ಬುಕ್ಕಲ್ಲಿ ಬರೆದಿಡ್ತಿದ್ರು.

ಹೆಂಗಸರು ಊದ್ತಿರ್ಲಿಲ್ವಾ?

ಊರಿನ ಬ್ಯಾಂಡ್‌ಗಳಲ್ಲಿ ಬಹುಪಾಲು ಇಲ್ಲ. ಚಂದಾ ಎತ್ತೋದು, ಬಜಾರಿಗೆ ಅಡುಗೆ ಮಾಡೋದು, ಯೂನಿಫಾರ್ಮ್ ರಿಪೇರಿ ಇದೆಲ್ಲ ಅವ್ರ ಕೈಲೇ ಆಗ್ತಿದ್ರೂ ವಾದ್ಯ ಅವ್ರ ಕೈಗೆ ಕೊಡ್ತಿರ್ಲಿಲ್ಲ. ಅವ್ರೂ ಅದೇ ಮಿಲ್ಲಲ್ಲಿ ಮಗ್ಗ ನಡೆಸ್ತಿದ್ದವ್ರು ಅನ್ನೋದು ನೆನೆಸ್ಕೊಂಡ್ರೆ ಇದು ನಂಗೆ ಸರಿ ಕಾಣಲ್ಲ. ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆ ಬಂದ್ಮೇಲೆ ಹೆಂಗಸರಿಗೂ ಸ್ವಲ್ಪ ದಾರಿ ಸಿಕ್ತು.

## ದುಡಿಮೆ, ಕಲಿಕೆ, ಸ್ಪರ್ಧೆ

ದಿನವಿಡೀ ಮಿಲ್ಲಲ್ಲಿ ದುಡಿದು ಪ್ರಾಕ್ಟೀಸ್‌ಗೆ ಟೈಮ್ ಎಲ್ಲಿತ್ತು?

ಮೊದಮೊದ್ಲು ಇರ್ಲೇ ಇಲ್ಲ. 1847ರ ಹತ್ತು ಗಂಟೆ ಕಾಯ್ದೆ ಹೆಂಗಸರಿಗೆ, ಹುಡುಗ್ರಿಗೆ ಅಂತ ಬಂದಿದ್ದು, ಅವ್ರಿಲ್ದೆ ಮಿಲ್ ನಡೆಯಲ್ಲ ಅಂತಾಗಿ ಗಂಡಸರಿಗೂ ಅದ್ರ ಲಾಭ ಸಿಗ್ತಾ ಹೋಯ್ತು. 1850ರ ಕಾಯ್ದೆ ಬಂದ್ಮೇಲೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಬಟ್ಟೆ ಮಿಲ್ಲಿನ ಕೆಲ್ಸ ನಿಲ್ಲಿಸ್ಬೇಕಾಯ್ತು. ಈ ಶನಿವಾರದ ಅರ್ಧ ದಿನ ಇಲ್ದಿದ್ರೆ ಬ್ರಾಸ್ ಬ್ಯಾಂಡ್ ಈ ಮಟ್ಟಕ್ಕೆ ಬೆಳೀತಿರ್ಲಿಲ್ಲ ಅಂತ ನಾನು ನಂಬ್ತೀನಿ, ಸ್ಪರ್ಧೆ, ಮೆರವಣಿಗೆ, ಕವಾಯತು ಎಲ್ಲ ಆ ಅರ್ಧ ದಿನದ ಮೇಲೇ ನಿಂತಿತ್ತು. ಉಳಿದ ದಿನ ರಾತ್ರಿ ಊಟ ಆದ್ಮೇಲೆ, ಹೆಂಡದಂಗಡಿ ಮೇಲಿನ ರೂಮಲ್ಲೋ ಮಿಲ್ಲಿನ ಮೂಲೇಲೋ. ಹೆಂಡದಂಗಡಿ ಮೇಲೆ ಪ್ರಾಕ್ಟೀಸ್ ಅಂದ್ರೆ ಏನಾಗುತ್ತೆ ಗೊತ್ತಲ್ಲ, ಅದಕ್ಕೇ ಕುಡಿಯೋದು ಬಿಟ್ಟವ್ರು ಸೇರಿ ಟೆಂಪರೆನ್ಸ್ ಬ್ಯಾಂಡ್ ಅಂತ ಬೇರೆ ಕಟ್ಕೊಂಡ್ರು. ಲಂಕಾಷೈರಿನ ಮಗ್ಗದ ಶೆಡ್‌ಗಳಲ್ಲಿ ಎಷ್ಟು ಸದ್ದು ಅಂದ್ರೆ ಕೆಲಸದವ್ರು ತುಟಿ ನೋಡಿ ಮಾತು ತಿಳ್ಕೊಳ್ತಿದ್ರು, ಎಷ್ಟೋ ಜನಕ್ಕೆ ಕಿವಿನೇ ಮಂದ ಆಗ್ತಿತ್ತು. ಹಗಲೆಲ್ಲ ಅದ್ರೊಳಗಿದ್ದು ರಾತ್ರಿ ಕೂತು ಶ್ರುತಿ ಸೇರಿಸೋದು ಅಂದ್ರೆ ಸಾಮಾನ್ಯ ಮಾತಲ್ಲ.

ಸ್ಕೂಲೇ ಸರಿಯಾಗಿ ಇಲ್ದೋರು ಮ್ಯೂಸಿಕ್ ನೋಟೇಶನ್ ಹೆಂಗೆ ಓದ್ತಿದ್ರು, ಯಾರು ಕಲಿಸ್ತಿದ್ರು?

ಮೆಥಡಿಸ್ಟ್ ಥರದ ಚಾಪೆಲ್‌ಗಳಲ್ಲಿ ಹಾಡೋದು ಮನೆಮಾತು, ಹ್ಯಾಂಡೆಲ್ ಅನ್ನೋ ಸಂಗೀತಗಾರನ ಮೆಸ್ಸಾಯಾ ಅನ್ನೋ ಧಾರ್ಮಿಕ ಗಾಯನ ಕೃತಿನ ವರ್ಷವರ್ಷ ನೇಕಾರರ ಊರುಗಳಲ್ಲಿ ಹಾಡ್ತಿದ್ರು, ಹಂಗಾಗಿ ಮಕ್ಕಳಿಗೆ ಕಿವಿ ಮೊದ್ಲೇ ತಯಾರಾಗಿರ್ತಿತ್ತು. ಆಮೇಲೆ ಬ್ಯಾಂಡಲ್ಲಿ ದೊಡ್ಡವ್ರು ಚಿಕ್ಕವ್ರಿಗೆ, ಅಪ್ಪ ಮಗನಿಗೆ ಹೇಳ್ಕೊಡೋದು.

ಎಡ್ವಿನ್ ಸ್ವಿಫ್ಟ್ ಅನ್ನೋನ ಕಥೆ ನಂಗೆ ತುಂಬಾ ಇಷ್ಟ. 1843ರಲ್ಲಿ ಹುಟ್ಟಿದ್ದು, ಹಡರ್ಸ್‌ಫೀಲ್ಡ್ ಹತ್ರ ಲಿಂತ್‌ವೇಟ್ ಅನ್ನೋ ಊರು, ಕಸುಬು ಮಗ್ಗ, ಯಾವ ಸಂಗೀತ ಶಾಲೆಗೂ ಹೋಗ್ಲಿಲ್ಲ. ತಾನೇ ಕಲ್ತು, ಊರಿನ ಬ್ಯಾಂಡ್ ತಿದ್ದಿ ತಿದ್ದಿ ನಿಲ್ಲಿಸಿ, 1874ರಲ್ಲಿ ಆ ಲಿಂತ್‌ವೇಟ್ ಬ್ಯಾಂಡ್ ದೇಶದಲ್ಲೇ ದೊಡ್ಡ ಸ್ಪರ್ಧೆ ಗೆದ್ದಾಗ, ಸೋತವ್ರಲ್ಲಿ ಆಗಿನ ಕಾಲದ ದೊಡ್ಡ ಹೆಸರಿನ ಬ್ಯಾಂಡ್‌ಗಳೂ ಇದ್ವು. ಆಮೇಲೆ ಮಗ್ಗ ಬಿಟ್ಟು ಊರೂರು ಸುತ್ತಿ ಬ್ಯಾಂಡ್‌ಗಳಿಗೆ ಪಾಠ ಹೇಳೋದನ್ನೇ ಕಸುಬು ಮಾಡ್ಕೊಂಡ, 1904ರಲ್ಲಿ ತೀರ್ಕೊಂಡ. ಇದೇ ಕಾಲದ ಇನ್ನಿಬ್ರು ಜಾನ್ ಗ್ಲಾಡ್ನಿ ಮತ್ತೆ ಅಲೆಕ್ಸಾಂಡರ್ ಓವನ್. ಗ್ಲಾಡ್ನಿ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್ ಊದ್ತಿದ್ದ ಪ್ರೊಫೆಷನಲ್, ಅವನೆದುರು ಒಬ್ಬ ನೇಕಾರ ಸಮಸಮ ನಿಂತ ಅನ್ನೋದೇ ದೊಡ್ಡ ವಿಷ್ಯ.

ಸ್ಪರ್ಧೆ ಸ್ಪರ್ಧೆ ಅಂತೀರಲ್ಲ, ಅದೆಷ್ಟು ದೊಡ್ಡದಿತ್ತು?

ಮ್ಯಾಂಚೆಸ್ಟರಿನ ಬೆಲ್ ವ್ಯೂ ಅನ್ನೋ ಪಾರ್ಕಲ್ಲಿ 1853ರಲ್ಲಿ ಶುರುವಾಯ್ತು, ಮೊದಲ ವರ್ಷ ಗೆದ್ದಿದ್ದು ಮಾಸ್ಲಿ ಟೆಂಪರೆನ್ಸ್ ಸ್ಯಾಕ್ಸ್‌ಹಾರ್ನ್ ಬ್ಯಾಂಡ್. ರೈಲಿನವ್ರು ಕಮ್ಮಿ ರೇಟಿನ ಸ್ಪೆಷಲ್ ಗಾಡಿ ಬಿಡ್ತಿದ್ರು, ಊರಿಗೆ ಊರೇ ಎದ್ದು ಹೋಗೋದು. ಎಂಡರ್ಬಿ ಜಾಕ್ಸನ್ ಅನ್ನೋನು 1860ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ಗೂ ಇದನ್ನ ತಗೊಂಡೋದ. ಮೆಲ್ತಮ್ ಮಿಲ್ಸ್ ಬ್ಯಾಂಡ್ 1876, 77, 78 ಮೂರು ವರ್ಷ ಸತತ ಬೆಲ್ ವ್ಯೂ ಗೆದ್ರೆ, ಮುಂದಿನ ಮೂರು ವರ್ಷ ಬ್ಲ್ಯಾಕ್ ಡೈಕ್. ಅಲ್ಲಿ ನುಡಿಸ್ತಿದ್ದದ್ದು ಹೆಚ್ಚಾಗಿ ಅಪೆರಾ, ಅಂದ್ರೆ ಹಾಡುನಾಟಕಗಳಿಂದ ಆಯ್ದ ಭಾಗಗಳು, ಇಟಲಿಯವೂ ಸೇರಿ. ಅಪೆರಾ ಥಿಯೇಟರಿನ ಬಾಗಿಲೂ ನೋಡದ ಗಣಿ ಕೆಲಸದವ್ರಿಗೆ ರೊಸ್ಸೀನಿ, ವೆರ್ಡಿ ಬಾಯಿಪಾಠ ಆಗಿದ್ದು ಹಿಂಗೆ.

## ಸಾವು, ಮಣ್ಣು, ಮೆರವಣಿಗೆ

ಇವ್ರು ಎಷ್ಟು ವರ್ಷ ಬದುಕ್ತಿದ್ರು, ಯಾತ್ರಿಂದ ಸಾಯ್ತಿದ್ರು?

ಬಡವ್ರ ಆರೋಗ್ಯ, ನೈರ್ಮಲ್ಯದ ಬಗ್ಗೆ ತನಿಖೆ ಮಾಡಿದ ಅಧಿಕಾರಿ ಎಡ್ವಿನ್ ಚಾಡ್ವಿಕ್ 1842ರಲ್ಲಿ ಕೊಟ್ಟ ವರದೀಲಿ ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳಲ್ಲಿ ಸಾಯೋ ಸರಾಸರಿ ವಯಸ್ಸು 17, ರಟ್‌ಲ್ಯಾಂಡ್ ಅನ್ನೋ ಹಳ್ಳಿಗಾಡಲ್ಲಿ ಅದೇ ಕೂಲಿಯವ್ರದ್ದು 38 ಅಂತಿದೆ. 17 ಅಂದ್ರೆ ಎಲ್ರೂ 17ಕ್ಕೆ ಸತ್ರು ಅಂತಲ್ಲ, ಹಸುಗೂಸುಗಳು ಅಷ್ಟು ಸಾಯ್ತಿದ್ವು, ಅದು ಸರಾಸರಿನ ಎಳೀತಿತ್ತು. ದೊಡ್ಡೋನಾಗಿ ಬ್ಯಾಂಡ್ ಸೇರೋವಷ್ಟು ಬದುಕಿದವ್ನಿಗೆ ಕ್ಷಯ, ಟೈಫಾಯ್ಡ್, ಹತ್ತಿ ಧೂಳಿಂದ ಕೆಟ್ಟ ಶ್ವಾಸಕೋಶ, ಗಣೀಲಿ ಚಾವಣಿ ಕುಸಿತ, ಮಿಲ್ಲಲ್ಲಿ ಬೆಲ್ಟಿಗೆ ಸಿಕ್ಕೊಳ್ಳೋದು ಇವೆಲ್ಲ ಇತ್ತು. ಉಸಿರನ್ನೇ ನಂಬಿದ ಕಲೆ ಕಲ್ತವ್ನಿಗೆ ಎದೇಲಿ ಧೂಳು ತುಂಬ್ಕೊಂಡು, ವರ್ಷ ಹೋದಂಗೆ ಊದೋಕಾಗ್ದೆ ಹಿಂದಿನ ಸೀಟಿಗೆ ಸರಿಯೋದು, ಇದನ್ನ ಓದುವಾಗ ನಂಗೆ ತುಂಬಾ ನೋವಾಗುತ್ತೆ.

ಬಡವ್ರು ಸಾವಿಗೆ ಅಷ್ಟೊಂದು ಖರ್ಚು ಯಾಕೆ ಮಾಡ್ತಿದ್ರು? ಅದು ದುಂದು ಅಲ್ವಾ?

ಆಗಿನ ಸಾಹುಕಾರ್ರೂ ಇದೇ ಬೈತಿದ್ರು. ಆದ್ರೆ ಎದುರಿಗಿದ್ದ ಭಯ ಏನು ಅಂತ ನೋಡ್ಬೇಕು. ಖರ್ಚಿಗಿಲ್ದೆ ಸತ್ರೆ ಸರ್ಕಾರದ ಲೆಕ್ಕದಲ್ಲಿ ಮಣ್ಣು, ಅಂದ್ರೆ ತೆಳ್ಳಗಿನ ಹಲಗೆ ಪೆಟ್ಟಿಗೆ, ಎಷ್ಟೋ ಜನರನ್ನ ಒಂದರ ಮೇಲೊಂದು ಇಡೋ ಗುಂಡಿ, ಮೇಲೆ ಹೆಸರಿನ ಕಲ್ಲೂ ಇಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ 1832ರ ಅನಾಟಮಿ ಕಾಯ್ದೆ, ಗತಿಯಿಲ್ಲದ ಬಡವ್ರನ್ನ ಇಟ್ಕೊಳ್ತಿದ್ದ ಸರ್ಕಾರಿ ವರ್ಕ್‌ಹೌಸಲ್ಲಿ ಸತ್ತು ಯಾರೂ ಹೆಣ ಕೇಳೋಕೆ ಬರ್ಲಿಲ್ಲ ಅಂದ್ರೆ ಅದನ್ನ ಮೆಡಿಕಲ್ ಶಾಲೆಗೆ ಕೊಯ್ಯೋಕೆ ಕೊಡ್ಬಹುದು ಅಂತಾಯ್ತು. ಅದಕ್ಕೂ ಮುಂಚೆ ಆ ಗತಿ ಗಲ್ಲಿಗೇರಿಸಿದ ಕೊಲೆಗಾರನಿಗೆ ಕೊಡೋ ಶಿಕ್ಷೆ, ಈಗ ಬಡತನಕ್ಕೇ ಆ ಶಿಕ್ಷೆ. ಜೀವಮಾನವೆಲ್ಲ ದುಡಿದವ್ನ ಹೆಸರು ಕೊನೇ ದಿನ ಮಣ್ಣಾಗ್ಬಾರ್ದು ಅಂತ ಮನೆಯವ್ರು ಊಟ ಬಿಟ್ಟಾದ್ರೂ ಕಾಸು ಕಟ್ಟಿದ್ದನ್ನ ದುಂದು ಅನ್ನೋಕೆ ನಂಗೆ ಬಾಯಿ ಬರಲ್ಲ.

ಹಂಗಾದ್ರೆ ಆ ದುಡ್ಡು ಬರ್ತಿದ್ದದ್ದು ಎಲ್ಲಿಂದ?

ಮೂರ್ನಾಕು ಕಡೆಯಿಂದ. ಒಂದು ಊರಿನ ಸಾವಿನ ಕ್ಲಬ್, ವಾರಕ್ಕೊಂದು ಪೆನ್ನಿ ಕಟ್ಟೋದು, ಆಗಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಎರಡನೇದು ಆಡ್‌ಫೆಲೋಸ್, ಫಾರೆಸ್ಟರ್ಸ್ ಥರದ ಪರಸ್ಪರ ಸಹಾಯದ ಸಂಘಗಳು, ಕಾಯಿಲೆ ಬಿದ್ರೂ ಕೊಡೋರು, ಸತ್ರೂ ಕೊಡೋರು. ಮೂರನೇದು ಪ್ರುಡೆನ್ಷಿಯಲ್ ಥರದ ಇನ್ಶೂರೆನ್ಸ್ ಕಂಪನಿ, 1854ರಿಂದ ಇವರ ಏಜೆಂಟ್ ಮನೆಬಾಗಿಲಿಗೇ ಬಂದು ಪೆನ್ನಿ ವಸೂಲಿ ಮಾಡ್ತಿದ್ದ. ಬ್ಯಾಂಡಿನವ್ನಾದ್ರೆ ನಾಲ್ಕನೇ ದಾರಿನೂ ಒಂದಿತ್ತು, ಬ್ಯಾಂಡಿನವ್ರೇ ಒಂದು ಕಛೇರಿ ಇಟ್ಟು ಬಂದ ಟಿಕೆಟ್ ದುಡ್ಡನ್ನ ಹೆಂಡತಿ ಮಕ್ಕಳಿಗೆ ಕೊಡೋದು. ಎಲ್ಲಕ್ಕಿಂತ ಮುಖ್ಯ, ಬೇರೆಯವ್ರು ದುಡ್ಡು ಕೊಟ್ರೂ ಸಿಗದ ಒಂದು ಇವ್ನಿಗೆ ಪುಕ್ಕಟೆ ಸಿಗ್ತಿತ್ತು, ಪೂರ್ತಿ ಬ್ಯಾಂಡು.

ಒಬ್ಬ ಬ್ಯಾಂಡಿನವ್ನು ಸತ್ತಾಗಿಂದ ಮಣ್ಣು ಮಾಡೋವರೆಗೆ ಏನೇನು ನಡೀತಿತ್ತು, ಒಂದೊಂದಾಗಿ ಹೇಳಿ

ಸಾವು ಮನೇಲೇ, ಹೆಣ ಇಡೋದೂ ಮನೇಲೇ. ಬೀದೀಲಿ ಇಂಥ ಕೆಲ್ಸಕ್ಕೆ ಅಂತ ಒಬ್ಬ ಹೆಂಗಸು ಇರ್ತಿದ್ಲು, ಹೆರಿಗೆಗೂ ಅವಳೇ ಸಾವಿಗೂ ಅವಳೇ, ಬಂದು ಮೈ ತೊಳೆದು, ಬಿಳಿ ಬಟ್ಟೆ ಹಾಕಿ ಮಲಗಿಸೋಳು. ಪೆಟ್ಟಿಗೆ ಮಾಡ್ತಿದ್ದೋನು ಊರಿನ ಬಡಗಿ. ಮನೆ ದೊಡ್ಡದಾದ್ರೆ ಮುಂದಿನ ರೂಮು, ಒಂದೇ ರೂಮಿನ ಮನೆಯಾದ್ರೆ ಉಣ್ಣೋ ಜಾಗದಲ್ಲೇ ಹೆಣ, ಮಕ್ಕಳು ಅಲ್ಲೇ ಮಲಗೋದು, ಚಾಡ್ವಿಕ್ 1843ರಲ್ಲಿ ಇದನ್ನೇ ದೊಡ್ಡ ಸಮಸ್ಯೆ ಅಂತ ಬರೆದ. ಆದ್ರೂ ಜನ ಭಾನುವಾರದವರೆಗೆ ಕಾಯ್ತಿದ್ರು, ಯಾಕಂದ್ರೆ ಬೇರೆ ದಿನ ಮಣ್ಣು ಮಾಡಿದ್ರೆ ಬರೋರಿಗೆಲ್ಲ ಒಂದಿನದ ಕೂಲಿ ಹೋಗುತ್ತೆ. ಆ ದಿನಗಳಲ್ಲಿ ಕಿಟಕಿ ಪರದೆ ಇಳಿಸಿರ್ತಿದ್ರು, ಅಕ್ಕಪಕ್ಕದ ಮನೆಯವ್ರೂ ಇಳಿಸ್ತಿದ್ರು, ನೆಂಟರು ಇಷ್ಟರು ಒಬ್ಬೊಬ್ರೇ ಬಂದು ಮುಖ ನೋಡಿ ಹೋಗೋರು, ಕಪ್ಪು ಅಂಚಿನ ಕಾರ್ಡು ಅಚ್ಚಾಗ್ತಿತ್ತು. ಕಪ್ಪು ಬಟ್ಟೆ ಇಲ್ದೋರು ಸಾಲ ತರ್ತಿದ್ರು, ಇಲ್ಲ ಇದ್ದ ಬಟ್ಟೆಗೇ ಕಪ್ಪು ಬಣ್ಣ ಹಾಕ್ಕೊಳ್ತಿದ್ರು.

ಆ ದಿನ ಬ್ಯಾಂಡಿನವ್ರು ಯೂನಿಫಾರ್ಮಲ್ಲಿ, ತೋಳಿಗೆ ಕಪ್ಪು ಕ್ರೇಪ್ ಪಟ್ಟಿ ಕಟ್ಕೊಂಡು ಮನೆ ಮುಂದೆ ಸೇರ್ತಿದ್ರು. ಡೋಲಿಗೂ ಕಪ್ಪು ಬಟ್ಟೆ, ಸದ್ದು ಮಂದವಾಗ್ಲಿ ಅಂತ. ಪೆಟ್ಟಿಗೆ ಹೊರಗೆ ತರೋಕೆ ಮುಂಚೆ ಬಾಗಿಲಲ್ಲೇ ಒಂದು ಹಿಮ್, ಅಂದ್ರೆ ದೇವರ ಹಾಡು, ಹಾಡೋದು, ಇಲ್ಲ ಊದೋದು. ಆಮೇಲೆ ಅವನ ಟೋಪಿ, ಅವನ ವಾದ್ಯ ಪೆಟ್ಟಿಗೆ ಮೇಲಿಟ್ಟು ಜೊತೆಗಾರರೇ ಹೆಗಲು ಕೊಟ್ಟು ಹೊರೋದು. ಕುದುರೆ ಗಾಡಿ ತರೋಕೆ ದುಡ್ಡಿಲ್ಲ ಅಂದ್ರೆ ಸ್ಮಶಾನದವರೆಗೂ ಹೆಗಲೇ, ಬೆಟ್ಟದ ಊರುಗಳಲ್ಲಿ ಏರು ದಾರಿ ಬೇರೆ, ಹೊರೋರು ಸರದಿ ಬದಲಾಯಿಸ್ಕೊಳ್ತಿದ್ರು. ಮುಂದೆ ಬ್ಯಾಂಡು, ನಿಧಾನ ಹೆಜ್ಜೆ, ಹಿಂದೆ ಪೆಟ್ಟಿಗೆ, ಮನೆಯವ್ರು, ಸಂಘದವ್ರು ತಮ್ಮ ಪಟ್ಟಿ ಹಾಕ್ಕೊಂಡು, ಎಷ್ಟೋ ಸಲ ಪಕ್ಕದೂರಿನ ಬ್ಯಾಂಡಿನವ್ರೂ ಬಂದು ಸೇರ್ಕೊಳ್ತಿದ್ರು, ಸ್ಪರ್ಧೇಲಿ ಜಗಳ ಆಡಿದವ್ರೇ ಆದ್ರೂ. ಬೀದೀಲಿ ಗಂಡಸರು ಟೋಪಿ ತೆಗೆದು ನಿಲ್ಲೋರು, ಅಂಗಡಿ ಅರ್ಧ ಮುಚ್ಚೋರು.

ಗುಂಡಿ ಹತ್ರ ಪಾದ್ರಿ ಪ್ರಾರ್ಥನೆ, ಪೆಟ್ಟಿಗೆ ಇಳಿಸೋದು, ಕೊನೇ ಹಿಮ್. ಯಾರ್ಕ್‌ಷೈರ್ ಕಡೆ ಡೀಪ್ ಹಾರ್ಮನಿ ಅನ್ನೋ ಹಿಮ್ ಟ್ಯೂನ್ ಬ್ಯಾಂಡಿನವ್ರ ಸಾವಿಗೆ ಇವತ್ತಿಗೂ ನುಡಿಸ್ತಾರೆ, ಅದನ್ನ ಕಟ್ಟಿದ ಹ್ಯಾಂಡೆಲ್ ಪಾರ್ಕರ್ ಕೂಡ ಅದೇ ಸೀಮೆಯವ್ನು. ಆಮೇಲೆ ಮನೇಲೋ ಚಾಪೆಲ್ ರೂಮಲ್ಲೋ ಚಹಾ, ಬ್ರೆಡ್ಡು, ಮುಖ್ಯವಾಗಿ ಹ್ಯಾಮ್. ಹಂದಿ ಮಾಂಸದ ಈ ಹ್ಯಾಮ್ ಬಡಿಸಿದ್ರೆ ಚೆನ್ನಾಗಿ ಕಳಿಸ್ಕೊಟ್ರು ಅಂತ ಲೆಕ್ಕ, ಉತ್ತರ ಇಂಗ್ಲೆಂಡಲ್ಲಿ ಹ್ಯಾಮ್ ಇಟ್ಟು ಮಣ್ಣು ಮಾಡಿದ್ರು ಅನ್ನೋ ಮಾತೇ ಇದೆ.

ಡೆಡ್ ಮಾರ್ಚ್ ಡೆಡ್ ಮಾರ್ಚ್ ಅಂತಾರಲ್ಲ, ಅದು ಯಾವ ಟ್ಯೂನು?

ಹ್ಯಾಂಡೆಲ್ 1739ರಲ್ಲಿ ಪ್ರದರ್ಶನಕ್ಕೆ ತಂದ ಸಾಲ್ ಅನ್ನೋ ಕೃತಿಯೊಳಗಿನ ಸಾವಿನ ನಡಿಗೆ ಅದು. ದುಃಖದ ಸಂಗೀತ ಅಂದ್ರೆ ಪಾಶ್ಚಾತ್ಯರಲ್ಲಿ ಮೈನರ್ ಸ್ಕೇಲ್ ಅಂತ ಎಲ್ರೂ ಅಂದ್ಕೊಳ್ತಾರೆ, ಇದು ಮೇಜರಲ್ಲಿದೆ, ಸಿ ಮೇಜರ್. ಅಳು ತರಿಸೋಕಿಂತ ತಲೆ ಎತ್ಕೊಂಡು ನಡೆಸೋ ಗುಣ ಅದಕ್ಕಿದೆ ಅಂತ ನಂಗನ್ಸುತ್ತೆ. ನಿಧಾನ ಇರೋದ್ರಿಂದ ಹೆಗಲ ಮೇಲೆ ಭಾರ ಇಟ್ಕೊಂಡವ್ರ ಹೆಜ್ಜೆಗೂ ಸರಿ ಹೊಂದುತ್ತೆ. 1852ರ ನವೆಂಬರಲ್ಲಿ ವೆಲಿಂಗ್ಟನ್ ಡ್ಯೂಕ್‌ನ ಶವಯಾತ್ರೆ ಲಂಡನ್ನಲ್ಲಿ ನಡೆದಾಗ ಪಡೆಗಳ ಬ್ಯಾಂಡ್‌ಗಳು ನುಡಿಸಿದ್ದೂ ಇದನ್ನೇ. ದೇಶದ ದೊಡ್ಡ ಸೇನಾನಿಗೆ ಯಾವ ಸಂಗೀತವೋ ಲಿಂತ್‌ವೇಟ್‌ನಂಥ ಊರಿನ ನೇಕಾರನಿಗೂ ಅದೇ ಸಂಗೀತ, ಅದೂ ಅಷ್ಟೇ ಚೆನ್ನಾಗಿ, ಅದನ್ನ ಊದ್ತಿರೋರು ಅವನ ಜೊತೆ ಮಗ್ಗದಲ್ಲಿ ನಿಂತವ್ರು. ಈ ವಿಷ್ಯದಲ್ಲಿ ನನ್ನನ್ನ ಹಿಡಿದಿಟ್ಟಿರೋದು ಇದೇ.

ಸ್ಮಶಾನದಿಂದ ವಾಪಸ್ ಬರುವಾಗ ಖುಷಿ ಟ್ಯೂನ್ ನುಡಿಸ್ತಿದ್ರು ಅಂತ ಓದಿದೆ, ನಿಜನಾ?

ಸೈನ್ಯದಲ್ಲಿ ಅದು ಪದ್ಧತಿ. ಹೋಗುವಾಗ ಡೆಡ್ ಮಾರ್ಚ್, ಗುಂಡಿ ಮೇಲೆ ಮೂರು ಸುತ್ತು ಗುಂಡು, ಬರುವಾಗ ಚುರುಕಿನ ಮಾರ್ಚ್. 1859ರಲ್ಲಿ ಫ್ರಾನ್ಸ್ ಭಯದಿಂದ ರೈಫಲ್ ವಾಲಂಟಿಯರ್ ಪಡೆಗಳು ಊರೂರಲ್ಲಿ ಹುಟ್ಟಿದಾಗ ಎಷ್ಟೋ ಊರಿನ ಬ್ಯಾಂಡ್‌ಗಳು ಅದಕ್ಕೆ ಸೇರ್ಕೊಂಡ್ವು, ಬೇಕಪ್ ಊರಿನ ಬ್ಯಾಂಡ್ ಬೆಲ್ ವ್ಯೂ ಗೆದ್ದಿದ್ದೂ ವಾಲಂಟಿಯರ್ ಬ್ಯಾಂಡಾಗೇ. ಅಂಥವ್ರು ಸತ್ರೆ ಸೈನಿಕ ಮರ್ಯಾದೆ ಸಿಗ್ತಿತ್ತು. ಚಾಪೆಲ್‌ನವ್ರ, ಟೆಂಪರೆನ್ಸ್‌ನವ್ರ ಸಾವಲ್ಲಿ, ಅದೂ ಭಾನುವಾರ, ಚುರುಕಿನ ಮಾರ್ಚ್ ಊದಿದ್ರೆ ಊರೇ ಬೈತಿತ್ತು.

ಅವನ ವಾದ್ಯನ ಜೊತೇಲೇ ಹೂಳ್ತಿದ್ರಾ?

ಇಲ್ಲ. ಮೇಲೇ ಹೇಳ್ದಂಗೆ ಅದು ಬ್ಯಾಂಡಿನ ಆಸ್ತಿ, ಬಹುಶಃ ಕಂತೂ ಬಾಕಿ ಇರ್ತಿತ್ತು. ಗುಂಡಿ ಹತ್ರ ಪೆಟ್ಟಿಗೆ ಮೇಲಿಂದ ತೆಗೆದು ವಾಪಸ್ ತರೋರು, ಸ್ವಲ್ಪ ದಿನದಲ್ಲೇ ಇನ್ನೊಬ್ಬ ಹುಡುಗ ಅದನ್ನ ಹಿಡೀತಿದ್ದ, ಕೆಲವು ಸಲ ಸತ್ತವನ ಮಗನೇ. ಕಲ್ಲು ಹಾಕ್ಸೋ ಶಕ್ತಿ ಇದ್ದವ್ರು ಗೋರಿ ಮೇಲೆ ಕಾರ್ನೆಟ್ಟೋ ಹಾರ್ನೋ ಕೆತ್ತಿಸಿರೋದುಂಟು.

## ಸ್ವಲ್ಪ ಆಳದ ಪ್ರಶ್ನೆಗಳು

ಚರ್ಚಿನವ್ರು ಇದಕ್ಕೆಲ್ಲ ಒಪ್ತಿದ್ರಾ?

1880ಕ್ಕೆ ಮುಂಚೆ ಹಳ್ಳಿ ಚರ್ಚಿನ ಅಂಗಳದಲ್ಲಿ ಹೂಳ್ಬೇಕಂದ್ರೆ ಇಂಗ್ಲೆಂಡ್ ಚರ್ಚಿನ ಪಾದ್ರಿ, ಅವ್ರದೇ ವಿಧಿ. ಬ್ಯಾಂಡಿನವ್ರಲ್ಲಿ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಜನ ತುಂಬಾ, ಅವ್ರ ಚಾಪೆಲ್ ಪಾದ್ರಿಗೆ ಅಲ್ಲಿ ಬಾಯಿ ತೆಗೆಯೋ ಹಕ್ಕಿರ್ಲಿಲ್ಲ. 1850ರ ದಶಕದಲ್ಲಿ ಊರಿನ ಆಡಳಿತದ ಹೊಸ ಸ್ಮಶಾನಗಳು ಬಂದ್ಮೇಲೆ ಒಂದು ಭಾಗ ಇವ್ರಿಗೂ ಸಿಕ್ತು. 1880ರ ಕಾಯ್ದೆ ಬಂದು ಚರ್ಚಿನ ಅಂಗಳದಲ್ಲೂ ಅವರವರ ಕ್ರೈಸ್ತ ವಿಧೀಲಿ, ಗಲಾಟೆ ಇಲ್ದೆ ಮಣ್ಣು ಮಾಡ್ಬಹುದು ಅಂತ ಆಯ್ತು. ಬ್ಯಾಂಡು ಬಗ್ಗೆ ಒಬ್ಬೊಬ್ಬ ಪಾದ್ರಿ ಒಂದೊಂದು ಥರ, ಕೆಲವ್ರು ಗೇಟಿನವರೆಗೆ ಮಾತ್ರ ಬಿಡೋರು.

ಗಣಿ ಅಪಘಾತದಲ್ಲಿ ನೂರಾರು ಜನ ಒಟ್ಟಿಗೆ ಸತ್ತಾಗ ಏನ್ಮಾಡ್ತಿದ್ರು?

1866ರ ಡಿಸೆಂಬರಲ್ಲಿ ಬಾರ್ನ್ಸ್‌ಲಿ ಹತ್ರ ಓಕ್ಸ್ ಗಣಿ ಸಿಡಿದು 361 ಜನ ಸತ್ರು, ಅದ್ರಲ್ಲಿ ಉಳಿಸೋಕೆ ಇಳಿದವ್ರೂ ಇದ್ರು. 1862ರಲ್ಲಿ ನಾರ್ಥಂಬರ್‌ಲ್ಯಾಂಡಿನ ಹಾರ್ಟ್ಲಿ ಗಣೀಲಿ 204. ಅಂಥ ಸಾವಲ್ಲಿ ಒಬ್ಬೊಬ್ರಿಗೆ ಬ್ಯಾಂಡು ಅನ್ನೋ ಮಾತೇ ಇಲ್ಲ, ಗಾಡಿಗಟ್ಲೆ ಪೆಟ್ಟಿಗೆ. ಆದ್ರೆ ಈ ನೋವಿಂದಲೇ ಒಂದು ಪದ್ಧತಿ ಬೆಳೀತು. 1871ರಲ್ಲಿ ಶುರುವಾದ ಡರ್ಹಮ್ ಗಣಿ ಕಾರ್ಮಿಕರ ಜಾತ್ರೆಗೆ ಒಂದೊಂದು ಗಣಿಯವ್ರೂ ತಮ್ಮ ರೇಷ್ಮೆ ಬಾವುಟ, ತಮ್ಮ ಬ್ಯಾಂಡು ಹಿಡ್ಕೊಂಡು ಬರ್ತಾರೆ, ಆ ವರ್ಷ ಯಾವ ಗಣೀಲಿ ಸಾವಾಗಿದ್ಯೋ ಆ ಬಾವುಟಕ್ಕೆ ಕಪ್ಪು ಕ್ರೇಪ್ ಹೊದಿಸ್ತಿದ್ರು. ಮುಂದೆ 1934ರಲ್ಲಿ ವೇಲ್ಸ್‌ನ ಗ್ರೆಸ್‌ಫರ್ಡ್ ಗಣೀಲಿ 266 ಜನ ಸತ್ತಾಗ ರಾಬರ್ಟ್ ಸೇಂಟ್ ಅನ್ನೋ ಗಣಿ ಕೆಲಸದವ್ನೇ ಅವ್ರಿಗಾಗಿ ಒಂದು ಹಿಮ್ ಕಟ್ಟಿದ, ಊರಿನ ಹೆಸರೇ ಅದಕ್ಕೂ. ಗಣಿಗಳೆಲ್ಲ ಮುಚ್ಚಿದ್ರೂ ಡರ್ಹಮ್ಮಲ್ಲಿ ಅದನ್ನ ಈಗಲೂ ನುಡಿಸ್ತಾರೆ.

ಟೈಟಾನಿಕ್ ಮುಳುಗುವಾಗ ನುಡಿಸಿದವ್ರೂ ಇದೇ ಥರದವ್ರಾ?

ವಾದ್ಯ ಬೇರೆ, ಅವ್ರದ್ದು ತಂತಿ ವಾದ್ಯ, ಪಿಯಾನೋ, ಮತ್ತೆ ಅವ್ರು ಸಂಬಳಕ್ಕಿದ್ದ ಪ್ರೊಫೆಷನಲ್‌ಗಳು, ಎಂಟೂ ಜನ ಸತ್ರು. ಆದ್ರೆ ಮುಖಂಡ ವಾಲೇಸ್ ಹಾರ್ಟ್ಲಿ ಹುಟ್ಟಿದ್ದು 1878ರಲ್ಲಿ, ಲಂಕಾಷೈರಿನ ಕಾಲ್ನ್ ಅನ್ನೋ ಹತ್ತಿ ಊರಲ್ಲಿ, ಅಪ್ಪ ಮೆಥಡಿಸ್ಟ್ ಚಾಪೆಲ್ಲಿನ ಹಾಡುಗಾರರ ಮುಖಂಡ, ಅಂದ್ರೆ ಬೇರು ಇದೇ ಮಣ್ಣಲ್ಲಿ. 1912ರ ಮೇ 18ಕ್ಕೆ ಅವನ ದೇಹ ಊರಲ್ಲಿ ಮಣ್ಣಾದಾಗ ಮೂವತ್ತರಿಂದ ನಲವತ್ತು ಸಾವಿರ ಜನ ಸೇರಿದ್ರು ಅಂತ ಅಂದಾಜು, ಊರಿನ ಜನಸಂಖ್ಯೆಗಿಂತ ಜಾಸ್ತಿ. ಸುತ್ತಲಿನ ಬ್ಯಾಂಡ್‌ಗಳು ಬಂದು ನುಡಿಸಿದ್ದು ಅದೇ ಡೆಡ್ ಮಾರ್ಚ್. ಇನ್ನೊಂದು ಕಡೆ ಅದೇ ಹಡಗಲ್ಲಿ ಸತ್ತ ಪಿಟೀಲಿನ ಹುಡುಗ ಜಾಕ್ ಹ್ಯೂಮ್‌ನ ಅಪ್ಪನಿಗೆ, ಕೆಲ್ಸಕ್ಕೆ ಕಳಿಸಿದ ಏಜೆನ್ಸಿಯವ್ರು ಮಗನ ಯೂನಿಫಾರ್ಮಿನ ಬಿಲ್ ಕಳಿಸಿದ್ರು, 14 ಶಿಲ್ಲಿಂಗ್ 7 ಪೆನ್ನಿ. ಊರಿನವ್ರು ಬ್ಯಾಂಡಿನವ್ನನ್ನ ಹೆಂಗೆ ಕಂಡ್ರು, ಕೆಲ್ಸ ಕೊಟ್ಟವ್ರು ಹೆಂಗೆ ಕಂಡ್ರು ಅನ್ನೋಕೆ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡ್ಬೇಕು.

ನಮ್ಮ ಕಡೆ ಬ್ಯಾಂಡ್‌ಸೆಟ್ಟಿಗೂ ಇದಕ್ಕೂ ಸಂಬಂಧ ಇದ್ಯಾ? ನಮ್ಮಲ್ಲೂ ಸಾವಿಗೆ ತಮಟೆ ಇರುತ್ತಲ್ಲ?

ವಾದ್ಯದ ಸಂಬಂಧ ಇದೆ, ಆದ್ರೆ ಬಂದ ದಾರಿ ಬೇರೆ. ಇಲ್ಲಿಗೆ ಹಿತ್ತಾಳೆ ಬ್ಯಾಂಡ್ ಬಂದಿದ್ದು ಹೆಚ್ಚಾಗಿ ಬ್ರಿಟಿಷ್ ಪಡೆಗಳ ಜೊತೆ, 1809ರಲ್ಲಿ ಶುರುವಾದ ಬೆಂಗಳೂರು ಕಂಟೋನ್ಮೆಂಟಿನಂಥ ಜಾಗಗಳಿಗೆ, ಮಿಲ್ ಊರಿಂದ ನೇರವಾಗಿ ಅಲ್ಲ. ದುಡಿಯೋ ಜನರ ಬ್ಯಾಂಡಿನ ಎಳೆ ಬಂದಿದ್ದು ಸಾಲ್ವೇಶನ್ ಆರ್ಮಿಯಿಂದ. 1878ರಲ್ಲಿ ಸಾಲ್ಸ್‌ಬರೀಲಿ ಚಾರ್ಲ್ಸ್ ಫ್ರೈ ಅನ್ನೋ ಮನೆ ಕಟ್ಟೋ ಕಸುಬಿನವ್ನು, ತನ್ನ ಮೂರು ಗಂಡುಮಕ್ಕಳ ಜೊತೆ ಹಿತ್ತಾಳೆ ವಾದ್ಯ ಊದಿ ಆರ್ಮಿಗೆ ಬ್ಯಾಂಡ್ ಅಂತ ಶುರು ಮಾಡ್ದ. 1882ರಲ್ಲಿ ಸಾಲ್ವೇಶನ್ ಆರ್ಮಿಯವ್ರು ಬೊಂಬಾಯಿಗೆ ಬಂದಾಗ, ಬೀದೀಲಿ ವಾದ್ಯ ನುಡಿಸ್ಕೊಂಡು ಮೆರವಣಿಗೆ ಹೋದ್ರು ಅಂತ ಬ್ರಿಟಿಷ್ ಸರ್ಕಾರದ ಪೊಲೀಸ್ರೇ ಅವ್ರನ್ನ ಅರೆಸ್ಟ್ ಮಾಡಿದ್ರು.

ತಮಟೆ ಜೊತೆ ಹೋಲಿಸೋವಾಗ ಒಂದು ಮಾತು ಮರೀಬಾರ್ದು. ನಮ್ಮಲ್ಲಿ ಸಾವಿನ ಮನೇಲಿ ಬಡಿಯೋ ಕೆಲ್ಸನ ಜಾತಿ ನೋಡಿ ಒಂದಷ್ಟು ಜನರ ತಲೆಗೆ ಕಟ್ಟಿದ್ರು, ಬೇಡ ಅನ್ನೋ ಹಕ್ಕೂ ಕೊಡ್ಲಿಲ್ಲ. ಅಲ್ಲಿ ಊದಿದವ್ರು ತಮ್ಮ ಜೊತೆಗಾರನಿಗೆ ತಾವಾಗೇ ಬಂದು ಊದಿದವ್ರು, ಅದ್ರಿಂದ ಅವ್ರ ಮರ್ಯಾದೆ ಹೆಚ್ಚಿತು. ಮೇಲ್ನೋಟಕ್ಕೆ ಒಂದೇ ಥರ ಕಂಡ್ರೂ ಈ ವ್ಯತ್ಯಾಸ ಚಿಕ್ಕದಲ್ಲ.

ಇಂಥ ಒಬ್ಬ ಬ್ಯಾಂಡಿನವ್ನ ಬಗ್ಗೆ ನಾನೇ ಹುಡುಕ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಜನಗಣತಿಯಿಂದ ಶುರು ಮಾಡಿ, 1841ರಿಂದ ಹತ್ತು ವರ್ಷಕ್ಕೊಂದ್ಸಲದ ಹಾಳೆಗಳು ಆನ್‌ಲೈನಲ್ಲಿ ಸಿಗ್ತವೆ. ಆದ್ರೆ ಅಲ್ಲಿ ಸಂಗೀತಗಾರ ಅಂತ ಹುಡುಕ್ಬೇಡಿ, ಉದ್ಯೋಗದ ಕಾಲಮ್ಮಲ್ಲಿ ನೇಕಾರ, ಗಣಿ ಕೆಲಸ, ಉಣ್ಣೆ ಬಾಚೋನು ಅಂತಷ್ಟೇ ಇರುತ್ತೆ. ಅವನು ಬ್ಯಾಂಡಿನವ್ನು ಅಂತ ಗೊತ್ತಾಗೋದು ಊರಿನ ಪೇಪರಲ್ಲಿ, ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಊರಿನ ಹೆಸರು, ಬ್ಯಾಂಡಿನ ಹೆಸರು, ಡೆಡ್ ಮಾರ್ಚ್ ಮೂರನ್ನೂ ಸೇರಿಸಿ ಹುಡುಕಿ, ಸಾವಿನ ಸುದ್ದಿಯಲ್ಲಿ ಯಾರ್ಯಾರು ಹೆಗಲು ಕೊಟ್ರು ಅಂತ ಹೆಸರೂ ಸಿಗೋದುಂಟು. 1881ರಿಂದ ಲಿವರ್‌ಪೂಲಲ್ಲಿ ಬ್ರಾಸ್ ಬ್ಯಾಂಡ್ ನ್ಯೂಸ್, 1887ರಿಂದ ಬ್ರಿಟಿಷ್ ಬ್ಯಾಂಡ್ಸ್‌ಮನ್ ಅಂತ ಎರಡು ಪತ್ರಿಕೆ ಬರ್ತಿದ್ವು, ಅದ್ರಲ್ಲಿ ಊರೂರಿನ ಸುದ್ದಿ ಸಣ್ಣ ಅಕ್ಷರದಲ್ಲಿರುತ್ತೆ, ತಾಳ್ಮೆಯಿಂದ ಓದಿ. ಹಳೇ ಬ್ಯಾಂಡ್‌ಗಳ ಕಾಗದಪತ್ರ ಹಡರ್ಸ್‌ಫೀಲ್ಡ್ ಯೂನಿವರ್ಸಿಟಿಯ ಹೆರಿಟೇಜ್ ಕೀ ಅನ್ನೋ ದಾಖಲೆ ಸಂಗ್ರಹದಲ್ಲಿ ಸಾಕಷ್ಟಿವೆ. ಗೋರಿ ಬೇಕಂದ್ರೆ ಆ ಊರಿನ ಸ್ಮಶಾನದ ರಿಜಿಸ್ಟರ್ ಕೇಳಿ, ಕಲ್ಲು ಇಲ್ದಿದ್ರೂ ಗುಂಡಿ ನಂಬರ್ ಅದ್ರಲ್ಲಿ ಬರೆದಿರ್ತಾರೆ.